ಸುರಗಿಯ ಹೆಸರನ್ನು ಮರ ಬಚ್ಚಿಟ್ಟದ್ದು

ಲೋಕ ಇನ್ನೂ ಒದ್ದೆಯಾಗಿದ್ದ ಕಾಲ ಅದು. ಬೆಟ್ಟಗಳು ಎಲ್ಲಿ ಕೂರಬೇಕೆಂದು ಆಗಷ್ಟೇ ತೀರ್ಮಾನಿಸಿದ್ದವು. ನದಿಗಳಿಗೆ ಸಮುದ್ರದ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಅವರಿವರನ್ನು ಕೇಳಿಕೊಂಡು ಹೋಗುತ್ತಿದ್ದವು. ಗಾಳಿ, ನೀರು, ಮರ, ಏಡಿ, ಮನುಷ್ಯ ಎಲ್ಲರಿಗೂ ಒಂದೇ ಮಾತು. ಯಾರು ಯಾರನ್ನು ಬೇಕಾದರೂ ಮಾತಾಡಿಸಬಹುದಿತ್ತು.

ಮರ ಮಾತಾಡುತ್ತಿತ್ತೇ ಅಂತ ಕೇಳಬೇಡ. ಮಾತಾಡುತ್ತಿತ್ತು. ಯಾಕೆ ನಿಲ್ಲಿಸಿತು ಅನ್ನುವುದೇ ಈ ಕಥೆ. ನಿಮ್ಮ ನಿಮ್ಮ ಹೆಸರಿನ ಅರ್ಥ ಬರೆದುಕೊಂಡು ಬನ್ನಿ ಎಂದು ಶಾಲೆಯಲ್ಲಿ ಹೇಳಿದರಂತೆ. ನಿನ್ನ ಹೆಸರು ಸುರಗಿ, ಅದು ಒಣ ಹೂವು ಅಂತ ಪಕ್ಕದವಳು ನಕ್ಕಳಂತೆ. ಅದಕ್ಕೆ ಬಂದಾಗಿನಿಂದ ಮುಖ ಊದಿಸಿಕೊಂಡು ಕೂತಿದ್ದೀಯ. ಊದಿಸಿದ್ದು ಸಾಕು. ಈ ಬಾಳೆನಾರಿನ ತುದಿ ಹಿಡಿದುಕೊಂಡು ಕೇಳು, ಹಾಗೆಯೇ ಅಜ್ಜಿಯ ಮಾಲೆಯೂ ಮುಗಿಯುತ್ತದೆ.

ಆ ಕಾಲದಲ್ಲಿ ಹೆಸರುಗಳೂ ಹೊಸವು. ಈಗಿನ ಹಾಗೆ ಮೈಗೆ ಅಂಟಿಕೊಂಡಿರಲಿಲ್ಲ. ಹೆಗಲ ಮೇಲಿನ ಬಟ್ಟೆಯ ಹಾಗೆ ಸುಮ್ಮನೆ ಹೊದ್ದುಕೊಂಡದ್ದು, ಜಾರಿದರೆ ಜಾರಿತು. ಹೆಸರು ಹಂಚಿದ ದಿನ ಎಲ್ಲರೂ ಬಂದು ತಮ್ಮ ಪಾಲಿನದು ತೆಗೆದುಕೊಂಡು ಹೋದರು. ಕೊಕ್ಕರೆ ಬಂತು, ಏಡಿ ಬಂತು, ಕೆಸರು ಕೂಡ ತೆವಳಿಕೊಂಡು ಬಂತು. ಎಲ್ಲ ಮುಗಿದು, ಹಂಚುವವರು ಕೈ ತೊಳೆದು ಎದ್ದ ಮೇಲೆ ಇನ್ನೊಂದು ಬಂತು.

ಏನು ಬಂತು ಅಂತ ಹೇಗೆ ಹೇಳಲಿ? ಅದಕ್ಕೆ ಹೆಸರಿಲ್ಲ. ಹೆಸರಿಲ್ಲದ್ದಕ್ಕೆ ಮುಖವೂ ಇರುವುದಿಲ್ಲ. ಅದು ಬೆಳಗಿನ ಮಂಜಿನೊಳಗೆ ಸೇರಿಕೊಂಡಿತು. ಅದಕ್ಕೆ ಅನ್ನ ಬೇಡ, ನೀರು ಬೇಡ. ಬೇಕಾದದ್ದು ಒಂದು ಹೆಸರು ಮಾತ್ರ, ಅದೂ ಬೇರೆಯವರದು.

ನದಿ ಸಮುದ್ರಕ್ಕೆ ಸೇರುವ ಅಳಿವೆಯ ದಡದಲ್ಲಿ ಒಂದು ಕೇರಿ ಇತ್ತು. ಅಲ್ಲಿಯ ಹೆಂಗಸರು ನೀರು ಇಳಿದಾಗ ಕೆಸರಿಗೆ ಹೋಗಿ ಬಳಚು ಹೆಕ್ಕುತ್ತಿದ್ದರು. ಬಳಚು ಗೊತ್ತಲ್ಲ, ಮೊನ್ನೆ ಬೇಡ ಬೇಡ ಅಂತ ಹೇಳಿ ಆಮೇಲೆ ಎರಡೆರಡು ಸಲ ಹಾಕಿಸಿಕೊಂಡು ತಿಂದೆಯಲ್ಲ, ಅದೇ ಚಿಪ್ಪಿನೊಳಗಿನದು. ಮಕ್ಕಳು ದಡದಲ್ಲಿ ಆಡಿಕೊಂಡಿರುತ್ತಿದ್ದರು. ನೀರು ಏರುವ ಹೊತ್ತಿಗೆ ತಾಯಂದಿರು ಕೆಸರಿನಿಂದಲೇ ಹೆಸರು ಹಿಡಿದು ಕೂಗುತ್ತಿದ್ದರು. ಮಕ್ಕಳು ಓ ಎಂದು ಹೋಗಿ ಬುಟ್ಟಿ ಹೊರಲು ಕೈ ಜೋಡಿಸಬೇಕು.

ಆ ಕೇರಿಗೆ ಒಂದು ಬಿಗುಮಾನ ಇತ್ತು. ಕರೆದ ಕೂಡಲೇ ಮಗು ಓಗೊಡಬೇಕು. ಎರಡನೇ ಸಲ ಕರೆಸಿಕೊಂಡ ಮಗು ಎಂದರೆ ತಾಯಿ ತಲೆ ತಗ್ಗಿಸಬೇಕು. ಆದ್ದರಿಂದ ಅಲ್ಲಿ ಯಾವ ತಾಯಿಯೂ ಎರಡನೇ ಸಲ ಕರೆದವಳಲ್ಲ. ಒಂದು ಕರೆ, ಒಂದು ಓ. ಅಷ್ಟೇ.

ಮಂಜು ಕೇಳಿಸಿಕೊಂಡಿತು.

ತಾಯಂದಿರ ಕೂಗನ್ನು ದಡಕ್ಕೆ ಮುಟ್ಟಿಸುತ್ತಿದ್ದದ್ದು ಗಾಳಿ. ಗಾಳಿಗೆ ಅವಸರ ಜಾಸ್ತಿ, ಗಮನ ಕಡಿಮೆ. ದಾರಿಯಲ್ಲಿ ಒಂದು ಕೂಗು ಕೆಳಗೆ ಬಿದ್ದರೂ ತಿರುಗಿ ನೋಡುತ್ತಿರಲಿಲ್ಲ. ಹಾಗೆ ಬಿದ್ದದ್ದನ್ನು ಆ ಹೆಸರಿಲ್ಲದ್ದು ಹೆಕ್ಕಿ ಇಟ್ಟುಕೊಳ್ಳುತ್ತಿತ್ತು. ಆಮೇಲೆ ಮಂಜು ದಟ್ಟವಾದ ಒಂದು ಬೆಳಿಗ್ಗೆ, ತಾಯಿಯ ದನಿಯಲ್ಲೇ, ತಾಯಿ ಎಳೆಯುವ ಹಾಗೆಯೇ ಎಳೆದು, ಮಗುವಿನ ಹೆಸರು ಕೂಗುತ್ತಿತ್ತು. ಕದ್ದ ಕೂಗು ಒಂದು ಸಲಕ್ಕೆ ಮಾತ್ರ ಬರುತ್ತಿತ್ತು. ಕೂಗಿದರೆ ಮುಗಿಯಿತು.

ಆದರೆ ಆ ಕೇರಿಯಲ್ಲಿ ಅದಕ್ಕೆ ಒಂದೇ ಸಲ ಸಾಕಾಗಿತ್ತು. ಮಗು ಓ ಎಂದು ಬಾಯಿ ತೆರೆದರೆ ಆ ಓ ಜೊತೆಗೆ ಹೆಸರೂ ಜಾರಿ ಮಂಜಿಗೆ ಹೋಗುತ್ತಿತ್ತು. ಹೆಸರಿನ ಹಿಂದೆ ಮಗು ಹೋಗುತ್ತಿತ್ತು. ಕದ್ದ ಹೆಸರು ಅದರ ಮೈಮೇಲೆ ನಿಲ್ಲುತ್ತಿರಲಿಲ್ಲ, ಮತ್ತೊಂದು ಬೇಕಾಗುತ್ತಿತ್ತು. ಯಾರೂ ಹುಡುಕುತ್ತಿರಲಿಲ್ಲ. ಹೆಸರು ಹೋದ ಮೇಲೆ ನೆನಪು ಯಾವುದನ್ನು ಹಿಡಿದುಕೊಂಡು ನಿಲ್ಲಬೇಕು?

ಕೇರಿಯ ಕೆಲವು ಮನೆಗಳಲ್ಲಿ ಊಟಕ್ಕೆ ಒಂದು ಎಲೆ ಹೆಚ್ಚಾಗಿ ಬೀಳುತ್ತಿತ್ತು. ಯಾರಿಗೆ ಎಂದು ಹಾಕಿದವರಿಗೇ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಆ ಎಲೆಯನ್ನು ನೋಡಿ, ಮತ್ತೆ ಮಡಚಿ ಇಡುತ್ತಿದ್ದರು.

ಈಗ ಬೀರಮ್ಮನ ವಿಷಯಕ್ಕೆ ಬರುತ್ತೇನೆ. ಬೀರಮ್ಮ ಆ ಕೇರಿಯ ಬಳಚು ಹೆಕ್ಕುವವಳು, ಗಟ್ಟಿ ಹೆಂಗಸು. ಅವಳಿಗೆ ಒಬ್ಬಳೇ ಮಗಳು. ಹೆಸರು ಹಂಚುವ ದಿನ ಬೀರಮ್ಮ ಬೇರೆಲ್ಲ ಬಿಟ್ಟು ಒಂದು ಅರ್ಥವಿಲ್ಲದ ಹೆಸರನ್ನು ಆರಿಸಿದ್ದಳು. ಅರ್ಥ ತೆಗೆದುಕೊಂಡು ಏನು ಮಾಡಲಿ, ದೂರಕ್ಕೆ ಕೇಳಿಸಿದರೆ ಸಾಕು ಎಂದಿದ್ದಳಂತೆ. ಆ ಹೆಸರು ಸುರಗಿ. ಎಳೆದು ಕೂಗಿದರೆ ಅಳಿವೆಯ ಆಚೆ ದಡದ ಕೊಕ್ಕರೆ ಕೂಡ ಕತ್ತು ತಿರುಗಿಸುತ್ತಿತ್ತು.

ಏನು, ಹುಡುಗಿ ಸುರಗಿಯೇ ಅಂತ ಕಣ್ಣು ಬಿಡುತ್ತೀಯ? ಹೂವು ಆಗ ಎಲ್ಲಿತ್ತು? ಮಧ್ಯೆ ಬಾಯಿ ಹಾಕಬೇಡ. ನಾರು ಸಡಿಲ ಬಿಡಬೇಡ.

ಸುರಗಿ ಓಗೊಡುವುದರಲ್ಲಿ ಇಡೀ ಕೇರಿಗೆ ಮೊದಲು. ತಾಯಿಯ ಬಾಯಿಂದ ಹೆಸರು ಪೂರ್ತಿ ಹೊರಗೆ ಬೀಳುವ ಮೊದಲೇ ಓ ಎನ್ನುತ್ತಿದ್ದಳು. ಚಿಕ್ಕಂದಿನಿಂದ ಬೀರಮ್ಮ ಕಲಿಸಿದ್ದೇ ಅದನ್ನು. ನನ್ನ ಮಗಳನ್ನು ನೋಡಿ ಕಲಿಯಿರಿ ಎಂದು ಬೇರೆ ಮಕ್ಕಳಿಗೆ ಹೇಳಿ ಹೇಳಿ ಹೆಮ್ಮೆಪಡುತ್ತಿದ್ದಳು.

ದಡದಲ್ಲಿ ಒಂದು ದೊಡ್ಡ ಮರ. ಕಪ್ಪು ಹಸಿರು ಎಲೆ, ಒರಟು ಕೊಂಬೆ. ಹೂವು ಹಂಚಿದ ದಿನವೂ ಹೆಸರು ಹಂಚಿದ ದಿನವೂ ನಿದ್ದೆ ಹೋಗಿತ್ತಂತೆ, ಆದ್ದರಿಂದ ಹೂವಿಲ್ಲ, ಹೆಸರೂ ಇಲ್ಲ, ಬರೀ ಮರ. ತಾಯಿ ಕೆಸರಿಗೆ ಇಳಿದಾಗ ಸುರಗಿ ಅದರ ಕೆಳಗೆ ಕೂತು ಅದರ ಜೊತೆ ಹರಟೆ ಹೊಡೆಯುತ್ತಿದ್ದಳು. ನನಗೆ ಹೂವಿಲ್ಲ ಎಂದು ಮರ ಪೇಚಾಡಿದರೆ, ನೆರಳು ಇದೆಯಲ್ಲ, ನಾನು ದಿನಾ ಬರುತ್ತೇನಲ್ಲ ಎನ್ನುತ್ತಿದ್ದಳು. ಮರಕ್ಕೆ ಅವಳನ್ನು ಕಂಡರೆ ಪ್ರಾಣ.

ಮಾಗಿಯ ಒಂದು ಬೆಳಿಗ್ಗೆ ಮಂಜು ಎಷ್ಟು ಇಳಿಯಿತೆಂದರೆ ಸುರಗಿಗೆ ತನ್ನ ಕಾಲೇ ಕಾಣಿಸಲಿಲ್ಲ. ಬೀರಮ್ಮ ಬುಟ್ಟಿ ಹಿಡಿದು ಆಗಲೇ ಕೆಸರಿಗೆ ಇಳಿದಿದ್ದಳು. ಎಲ್ಲೂ ಶಬ್ದವಿಲ್ಲ. ಗಾಳಿ ಇಲ್ಲ. ಮರ ಏನೋ ಹೇಳುತ್ತಿತ್ತು, ಅಷ್ಟರಲ್ಲಿ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕಡೆಯಿಂದ ಕೂಗು ಬಂತು.

"ಸುರಗೀ..."

ಗಾಳಿಯೇ ಇಲ್ಲದ ಮೇಲೆ ಕೂಗನ್ನು ತಂದವರು ಯಾರು ಎಂದು ಮರಕ್ಕೆ ಹೊಳೆಯಿತು. ಆದರೆ ಹೇಳುವುದರೊಳಗೆ ಸುರಗಿ ಓ ಎಂದಿದ್ದಳು. ಎಂದವಳು ಎದ್ದು ನಡೆದಳು. ಮಂಜು ಅವಳ ಹಿಂದೆ ಮುಚ್ಚಿಕೊಂಡಿತು.

ಅವಳ ಹೆಸರು ಬಾಯಿಂದ ಜಾರಿ, ಮೇಲಕ್ಕೆದ್ದು, ಮರದ ಕೊಂಬೆಗಳ ನಡುವಿನಿಂದ ಮಂಜಿನ ಕಡೆಗೆ ಹೊರಟಿತ್ತು. ಮರ ಜೀವಮಾನದಲ್ಲಿ ಮೊದಲ ಸಲ ಅವಸರ ಮಾಡಿತು. ಇದ್ದಬದ್ದ ಕೊಂಬೆಗಳನ್ನೆಲ್ಲ ಒತ್ತಿಹಿಡಿದು ಹೆಸರನ್ನು ಹಿಡಿಯಿತು. ಹಿಡಿದು ತೊಗಟೆಯ ಒಳಗೆ ಎಳೆದುಕೊಂಡಿತು.

ಹೆಸರಿಲ್ಲದ್ದಕ್ಕೆ ಹುಡುಗಿ ಸಿಕ್ಕಳು, ಹೆಸರು ಸಿಗಲಿಲ್ಲ. ಅದು ಮರದ ಸುತ್ತ ಸುತ್ತತೊಡಗಿತು.

ಆ ದಿನ ಬೀರಮ್ಮ ಬುಟ್ಟಿಯನ್ನು ಒಬ್ಬಳೇ ಹೊತ್ತು ಮನೆಗೆ ಬಂದಳು. ಯಾಕೋ ಇವತ್ತು ಬುಟ್ಟಿ ಭಾರ ಅನ್ನಿಸಿತು. ಬಳಚು ಬೇಯಿಸಿದಳು, ಗಂಜಿ ಬಸಿದಳು, ಎರಡು ಎಲೆ ಹಾಕಿದಳು. ಎರಡನೆಯ ಎಲೆಯ ಮುಂದೆ ಕೂತು ತುಂಬಾ ಹೊತ್ತು ನೋಡಿದಳು. ಸಂಜೆ ಎಣ್ಣೆ ಕೈಗೆ ಸುರಿದುಕೊಂಡು, ತನ್ನ ಮೊಣಕಾಲ ಹತ್ತಿರ ಗಾಳಿಯಲ್ಲಿ ಸವರಿದಳು. ಅಲ್ಲಿ ಒಂದು ತಲೆ ಇರಬೇಕಿತ್ತು. ಯಾರ ತಲೆ ಎಂದು ಗೊತ್ತಿರಲಿಲ್ಲ. ಬಾಯಿ ಮರೆತಿತ್ತು, ಕೈ ಮರೆತಿರಲಿಲ್ಲ. ಯಾಕೆಂದು ತಿಳಿಯದೆ ಅತ್ತಳು. ಕಾರಣ ತಿಳಿದು ಅಳುವುದಕ್ಕಿಂತ ಅದು ಕಷ್ಟ, ಮಗಾ.

ಇತ್ತ ಹೆಸರಿಲ್ಲದ್ದು ಮರವನ್ನು ಬಿಡಲಿಲ್ಲ. ಮರದ ಬಾಯಿ ತೆರೆಸಿದರೆ ಸಾಕು, ಹೆಸರು ಹೊರಗೆ ಬರುತ್ತದೆ ಎಂದು ಅದಕ್ಕೆ ಗೊತ್ತಿತ್ತು. ಒಂದು ಬೆಳಿಗ್ಗೆ ನದಿಯ ದನಿಯಲ್ಲಿ, ಮರವೇ ಚೆನ್ನಾಗಿದ್ದೀಯಾ ಎಂದು ಕೇಳಿತು. ಮರ ಸುಮ್ಮನಿತ್ತು. ಇನ್ನೊಂದು ಬೆಳಿಗ್ಗೆ ಕೊಕ್ಕರೆಯ ದನಿಯಲ್ಲಿ, ನಿನ್ನ ಮೇಲೆ ಕೂರಲೇ ಎಂದಿತು. ಮರ ಸುಮ್ಮನಿತ್ತು. ನಿಜವಾದ ನದಿ, ನಿಜವಾದ ಕೊಕ್ಕರೆ ಬಂದು ಮಾತಾಡಿಸಿದರೂ ಮರ ಸುಮ್ಮನಿತ್ತು, ಯಾಕೆಂದರೆ ಯಾವುದು ಯಾರೆಂದು ಹೇಗೆ ತಿಳಿಯಬೇಕು? ಇದಕ್ಕೆ ಜಂಭ ಬಂದಿದೆ ಎಂದು ಅವು ಮುನಿಸಿಕೊಂಡು ಹೋದವು.

ಕೊನೆಗೆ ಅದು ಸುರಗಿಯ ದನಿಯಲ್ಲೇ ಬಂತು. ಮರದ ಬುಡದಲ್ಲಿ, ಅವಳು ಕೂರುತ್ತಿದ್ದ ಜಾಗದಲ್ಲೇ ನಿಂತು ಮೆಲ್ಲಗೆ ಹೇಳಿತು.

"ಮರವೇ, ಅದು ನಂದು. ಚಳಿ ಆಗ್ತದೆ. ಕೊಡು."

ಮರ ನಡುಗಿತು. ತೊಗಟೆ ಅಲ್ಲಲ್ಲಿ ಬಿರುಕು ಬಿಟ್ಟಿತು. ಆದರೂ ಬಾಯಿ ತೆರೆಯಲಿಲ್ಲ. ಅವತ್ತು ನುಂಗಿಕೊಂಡ ಮಾತು ಮತ್ತೆ ಅದಕ್ಕೆ ಬರಲೇ ಇಲ್ಲ. ಅದನ್ನು ನೋಡಿ ಕಾಡಿನ ಮಿಕ್ಕ ಮರಗಳೂ ಹೆದರಿ ಮಾತು ನಿಲ್ಲಿಸಿದವು.

ಒಳಗೆ ಹೆಸರು ಇತ್ತಲ್ಲ, ಅದಕ್ಕೆ ಬಾಯಿಂದ ದಾರಿಯಿಲ್ಲ. ಕೊಂಬೆಯ ತುದಿಗೆ ಹೋಗುವ ಹಾಗಿಲ್ಲ, ಅಲ್ಲಿ ಮಂಜು ಕಾದುಕೊಂಡಿದೆ. ಉಸಿರು ಕಟ್ಟಿದ ಹೆಸರು ಹಳೆಯ ಕೊಂಬೆಗಳ ಒರಟು ತೊಗಟೆಯನ್ನೇ ಸೀಳಿಕೊಂಡು ಸಣ್ಣ ಸಣ್ಣ ಮೊಗ್ಗಾಗಿ ಹೊರಗೆ ಬಂತು. ದುಂಡಗೆ, ಬೆಳ್ಳಗೆ, ಕೊಂಬೆಯನ್ನು ಬಿಗಿಯಾಗಿ ಅಪ್ಪಿಕೊಂಡು. ಬಿರಿದಾಗ ನಡುವೆ ಹಳದಿ ಎಳೆಗಳ ಕುಚ್ಚು. ಆ ಹೂವಿಗೆ ಒಂದು ಪರಿಮಳ. ಕೇರಿಯಲ್ಲಿ ಅಂಥ ಪರಿಮಳವನ್ನು ಯಾರೂ ಮೂಸಿರಲಿಲ್ಲ.

ಅಷ್ಟರಲ್ಲಿ ಸುರಗಿ ಏನಾಗಿದ್ದಳು? ಅವಳು ಮಂಜಿನೊಳಗೆ ಕೆಸರಿನ ಮೇಲೆ ನಡೆಯುತ್ತಲೇ ಇದ್ದಳು. ಅಮ್ಮನಂಥ ಒಂದು ದನಿ ಇಲ್ಲಿಂದ ಕರೆಯುತ್ತಿತ್ತು, ಓ ಎಂದು ಹೋಗುತ್ತಿದ್ದಳು, ಯಾರೂ ಇರುತ್ತಿರಲಿಲ್ಲ. ಇನ್ನೊಂದು ದನಿ ಅಲ್ಲಿಂದ ಕರೆಯುತ್ತಿತ್ತು, ಹೋಗುತ್ತಿದ್ದಳು, ಅಲ್ಲೂ ಯಾರೂ ಇಲ್ಲ. ಪ್ರತಿ ಕಡೆಯಿಂದಲೂ ಒಂದೇ ಕರೆ, ಮರುಕರೆ ಇಲ್ಲ. ಓಗೊಟ್ಟು ಓಗೊಟ್ಟು ಅವಳು ಹಗುರವಾಗುತ್ತಾ ಬಂದಳು. ಕೆಸರಿನಲ್ಲಿ ಹೆಜ್ಜೆ ಮೂಡುವುದು ನಿಂತಿತು. ಅವಳು ಹತ್ತಿರ ಬಂದರೂ ಏಡಿಗಳು ಬಿಲಕ್ಕೆ ಓಡುತ್ತಿರಲಿಲ್ಲ. ಕಡೆಗೆ ಅವಳು ಓಗೊಡುವುದನ್ನೂ ಬಿಟ್ಟಳು.

ಮಾಗಿ ಮುಗಿಯುತ್ತಾ ಬಂತು. ಮಂಜಿನ ಕೊನೆಯ ಬೆಳಿಗ್ಗೆ ಬೀರಮ್ಮ ಬುಟ್ಟಿ ಹಿಡಿದು ದಡಕ್ಕೆ ಬಂದಳು. ಪರಿಮಳ ಮೂಗಿಗೆ ಬಡಿಯಿತು. ಕಾಲು ತಾನಾಗಿ ಮರದ ಕಡೆ ತಿರುಗಿತು. ಒರಟು ಕೊಂಬೆಯಿಂದ ಒಂದು ಹೂವು ಬಿಡಿಸಿ ಮುಖದ ಹತ್ತಿರ ತಂದಳು. ಅದರಲ್ಲಿ ಎಣ್ಣೆ ಹಚ್ಚಿದ ತಲೆಯ ವಾಸನೆ ಇತ್ತು, ಬಿಸಿಲಿಗೆ ಒಣಗಿದ ಸಣ್ಣ ಲಂಗದ ವಾಸನೆ ಇತ್ತು. ಅವಳ ಬಾಯಿ ತಾನಾಗಿ ತೆರೆಯಿತು. ಸುರಗಿ, ಎಂದಿತು.

ಎಲ್ಲ ನೆನಪಾಯಿತು. ಎರಡನೆಯ ಎಲೆ ಯಾರದು ಎಂದು ನೆನಪಾಯಿತು. ಕೂಗಿದ ಕೂಡಲೇ ಓ ಅನ್ನು ಎಂದು ಕಲಿಸಿದ್ದು ತಾನೇ ಎಂಬುದೂ ನೆನಪಾಯಿತು. 

ಮರದ ಬೇರಿನ ಹತ್ತಿರ ಒಂದು ಮುದಿ ಏಡಿ ಇತ್ತು. ಅದು ಹೇಳಿತು: ಕೆಸರಿನ ಮೇಲೆ ಯಾರೋ ನಡೆಯುತ್ತಿದ್ದಾರೆ, ಹೆಜ್ಜೆ ಮೂಡುವುದಿಲ್ಲ. ಇವತ್ತಿಗೆ ಮಂಜು ಮುಗಿಯಿತು. ಈ ಇಳಿತದ ಜೊತೆಗೆ ಅದು ಸಮುದ್ರಕ್ಕೆ ಹೋಗುತ್ತದೆ. ಒಳಗಿರುವವರನ್ನೂ ಕರೆದುಕೊಂಡೇ ಹೋಗುತ್ತದೆ.

ನೀರು ಆಗಲೇ ಇಳಿಯುತ್ತಿತ್ತು. ಮಂಜು ದಡ ಬಿಟ್ಟು ಹಿಂದೆ ಹಿಂದೆ ಸರಿಯುತ್ತಿತ್ತು. ಬೀರಮ್ಮ ಸೊಂಟದ ತನಕ ಕೆಸರಿಗೆ ಇಳಿದು, ಹೂವನ್ನು ಮುಷ್ಟಿಯಲ್ಲಿ ಹಿಡಿದು, ಕೂಗಿದಳು.

"ಸುರಗೀ..."

ಉತ್ತರ ಬರಲಿಲ್ಲ. ಮಂಜಿನೊಳಗೆ ಸುರಗಿಗೆ ಕೇಳಿಸಿತ್ತು. ಆದರೆ ಅಮ್ಮನ ದನಿಯನ್ನು ಅವಳು ಅದೆಷ್ಟು ಸಲ ಕೇಳಿದ್ದಳು, ಹೋಗಿ ನೋಡಿದರೆ ಯಾರೂ ಇಲ್ಲ. ಅವಳು ನಿಂತಲ್ಲೇ ನಿಂತಳು.

ಕೂಗು ಕೇಳಿ ದಡದಲ್ಲಿ ಕೇರಿಯವರು ಸೇರಿದ್ದರು. ಅವರೆಲ್ಲ ತಲೆ ತಗ್ಗಿಸಿದರು. ಕರೆದರೆ ಬರಲಿಲ್ಲ ಎಂದ ಮೇಲೆ ಮುಗಿಯಿತು, ಮರಳಿ ಬಾ ಎಂದು ಬೀರಮ್ಮನಿಗೆ ಹೇಳಿದರು. ಮಂಜಿನೊಳಗಿಂದಲೂ ಒಂದು ದನಿ ಬಂತು, ಅದು ಬೀರಮ್ಮನದೇ ದನಿ: "ಓಗೊಡದವಳು ನಿನ್ನ ಮಗಳು ಹೇಗಾಗ್ತಾಳೆ? ಮನೆಗೆ ಹೋಗು."

ಒಂದು ಕ್ಷಣ ಬೀರಮ್ಮ ಕೇರಿಯವರನ್ನು ನೋಡಿದಳು. ಆ ದಡದಲ್ಲಿ ಎಂದೂ ಯಾವ ತಾಯಿಯೂ ಮಾಡದ ಕೆಲಸವನ್ನು ಅವಳು ಮಾಡಿದಳು. ಇನ್ನೊಮ್ಮೆ ಕರೆದಳು.

"ಸುರಗೀ... ನಾನೇ ಮಗಾ. ನೀನು ಓ ಅನ್ನದಿದ್ರೂ ಕರೀತೇನೆ."

ಮಂಜಿನೊಳಗೆ ಸುರಗಿಯ ತಲೆ ಎದ್ದಿತು. ಇಷ್ಟು ದಿನದಲ್ಲಿ ಅವಳು ಓ ಅನ್ನದ ಮೇಲೆ ಯಾವ ದನಿಯೂ ಮತ್ತೆ ಕರೆದಿರಲಿಲ್ಲ. ಹೆಸರಿಲ್ಲದ್ದಕ್ಕೆ ಬೇಕಾದದ್ದು ಹೆಸರು. ಸಿಗದಿದ್ದರೆ ಅದು ಇನ್ನೊಬ್ಬರ ಹತ್ತಿರ ಹೋಗುತ್ತದೆ. ಮಗು ಬೇಕಾದವರು ಮಾತ್ರ ಮತ್ತೆ ಕರೆಯುತ್ತಾರೆ.

ಬೀರಮ್ಮ ಮತ್ತೆ ಕರೆದಳು. ಗಂಟಲು ಒಡೆದು ರಕ್ತದ ರುಚಿ ಬಂದರೂ ಕರೆದಳು. ಅವಳನ್ನು ನೋಡಿ, ಮನೆಯಲ್ಲಿ ಹೆಚ್ಚಿನ ಎಲೆ ಹಾಕುತ್ತಿದ್ದ ಹೆಂಗಸರೂ ಕೆಸರಿಗೆ ಇಳಿದರು. ಕರೆಯಲು ಅವರಿಗೆ ಹೆಸರು ನೆನಪಿರಲಿಲ್ಲ. ಬಾಯಿ ತೆರೆದು ಹಾಗೇ ನಿಂತರು. ಪಾಪ, ಅವರ ಮಕ್ಕಳ ಹೆಸರನ್ನು ಯಾವ ಮರವೂ ಹಿಡಿದಿರಲಿಲ್ಲ.

ಕೆಸರಿನ ಮೇಲೆ ಒಂದು ಹೆಜ್ಜೆ ಮೂಡಿತು. ಕೊಕ್ಕರೆಯ ಹೆಜ್ಜೆಯಷ್ಟು ತೆಳ್ಳಗೆ. ಅದರ ಮುಂದಿನದು ಸ್ವಲ್ಪ ಆಳ. ಮುಂದಿನದರಲ್ಲಿ ನೀರು ತುಂಬಿಕೊಂಡಿತು. ಒಂದು ಏಡಿ ಹೆದರಿ ಬಿಲಕ್ಕೆ ಓಡಿತು. ಆಮೇಲೆ ಸುರಗಿ ಕಂಡಳು, ತುಟಿ ನೀಲಿ, ಕೂದಲು ಒದ್ದೆ. ಬೀರಮ್ಮ ಮುಷ್ಟಿಯಲ್ಲಿದ್ದ ಹೂವನ್ನು ಮೊದಲು ಅವಳ ಮುಡಿಗೆ ಸಿಕ್ಕಿಸಿದಳು. ಆಮೇಲೆ ಅಪ್ಪಿಕೊಂಡಳು.

ಕಥೆ ಮುಗಿಯಿತು ಅಂತ ಎದ್ದೆಯಾ? ಕೂತುಕೋ. ಹೋಗುವಾಗ ಮಂಜು ಒಂದು ಮಾತು ಹೇಳಿ ಹೋಗಿತ್ತು. ಹೆಸರು ಈಗ ಹೂವಿನಲ್ಲಿದೆ, ಹೂವು ಬಾಡುತ್ತದೆ, ನಾನು ಕಾಯುತ್ತೇನೆ ಎಂದಿತ್ತು.

ಹೂವು ಬಾಡಿತು. ಬಾಡದೆ ಇರುತ್ತದೆಯೇ? ಬಿಳಿ ಹೋಗಿ ಕಂದಾಯಿತು, ಎಸಳು ಮುದುಡಿತು. ಬೀರಮ್ಮನಿಗೆ ಅನ್ನ ಇಳಿಯಲಿಲ್ಲ. ಮಗಳ ತಲೆಯನ್ನೇ ನೋಡುತ್ತಾ ಕೂರುತ್ತಿದ್ದಳು. ಎಸಳು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ ಒಂದು ಸಂಜೆ, ತಾಯಿ ಮಗಳು ಒಲೆಯ ಮುಂದೆ ಪಕ್ಕಪಕ್ಕದಲ್ಲೇ ಕೂತಿದ್ದಾಗ, ಅಂಗಳದಿಂದ ಕೂಗು ಬಂತು. ಬೀರಮ್ಮನ ದನಿ.

"ಸುರಗೀ..."

ತನ್ನ ದನಿ ಹೊರಗಿನಿಂದ ಬಂದದ್ದನ್ನು ಬೀರಮ್ಮ ತಾನೇ ಕೇಳಿದಳು.  ಸುರಗಿ ಬಾಯಿ ತೆರೆಯಲಿಲ್ಲ. ಮೆಲ್ಲಗೆ ಮುಡಿಗೆ ಕೈ ಹಾಕಿ ಹೂವನ್ನು ತೆಗೆದು ಮೂಸಿದಳು, ಅಮ್ಮನ ಮೂಗಿಗೂ ಹಿಡಿದಳು. ಹೂವು ಸತ್ತಿತ್ತು. ಪರಿಮಳ ಇತ್ತು. ಹಸಿಯಾಗಿದ್ದಾಗ ಎಷ್ಟಿತ್ತೋ ಅಷ್ಟೂ ಇತ್ತು. ಮರ ಅಷ್ಟು ಗಟ್ಟಿಯಾಗಿ ಹಿಡಿದಿತ್ತು ಅದನ್ನು.

ಇಬ್ಬರೂ ಕೈ ಕೈ ಹಿಡಿದುಕೊಂಡು ಎರಡನೆಯ ಕೂಗಿಗೆ ಕಾದರು. ಅದು ಬರಲಿಲ್ಲ.

ಆಮೇಲೆ ಕೇರಿಯವರು ಹೆಸರಿಲ್ಲದ ಆ ಮರವನ್ನು ಸುರಗಿಯ ಮರ ಅನ್ನತೊಡಗಿದರು, ಹೂವನ್ನು ಸುರಗಿ ಅಂದರು. ಹೂವಿನ ಹೆಸರನ್ನು ನಿನಗೆ ಇಟ್ಟದ್ದಲ್ಲ, ಪುಟ್ಟಿ. ಒಬ್ಬ ಹುಡುಗಿಯ ಹೆಸರನ್ನು ಹೂವು ಹೊತ್ತುಕೊಂಡಿದೆ, ಅದರಿಂದ ನಾವು ವಾಪಸು ಈಸಿಕೊಂಡು ನಿನಗೆ ಇಟ್ಟದ್ದು. ನಾಳೆ ಶಾಲೆಯಲ್ಲಿ ಬರೆ: ಸುರಗಿ ಎಂದರೆ ಒಣಗಿದರೂ ಮರೆಯದ್ದು. ಪಕ್ಕದವಳು ನಕ್ಕರೆ ಈ ಮಾಲೆಯಿಂದ ಒಂದು ಹೂ ಕಿತ್ತು ಅವಳ ಮೂಗಿಗೆ ಹಿಡಿ. ಹೂವು ಹೋದ ವರ್ಷದ್ದು.

ಈಗಲೂ ನಮ್ಮ ಸುರಗಿ ಮರದಲ್ಲಿ ಹೂವು ಕೊಂಬೆಯ ತುದಿಗೆ ಹೋಗುವುದಿಲ್ಲ, ಹಳೆಯ ತೊಗಟೆಯನ್ನು ಅಪ್ಪಿಕೊಂಡೇ ಬಿರಿಯುತ್ತದೆ. ಬಿರಿದ ಬೆಳಿಗ್ಗೆ ಅದರ ಸುತ್ತ ಗುಂಯ್ ಅನ್ನುತ್ತದಲ್ಲ, ಅದು ಜೇನುನೊಣ ಅನ್ನುತ್ತಾರೆ. ಇರಬಹುದು. ಆದರೂ ಹೂ ಕೊಯ್ಯುವಾಗ ಮರದ ಕೆಳಗೆ ನಾವು ಯಾರೂ ಯಾರ ಹೆಸರನ್ನೂ ಹಿಡಿದು ಕೂಗುವುದಿಲ್ಲ.

ಮತ್ತೆ, ನೀನು ಮೊದಲ ಕರೆಗೆ ಓಗೊಡದಿದ್ದರೆ ನಿನ್ನ ಅಮ್ಮ ಬೈಯುವುದಿಲ್ಲವಲ್ಲ, ಯಾಕೆ ಎಂದು ಈಗ ಗೊತ್ತಾಯಿತೇ? ನಿನ್ನೆ ಬೆಳಿಗ್ಗೆ ನೀನು ಅಂಗಳದಿಂದ ಓಡಿಬಂದು, ಅಜ್ಜೀ, ಕರೆದೆಯಾ ಎಂದು ಕೇಳಿದೆ. ನಾನು ಹೂಂ ಅಂದೆ. ಹೆದರುತ್ತೀಯ ಅಂತ ಹಾಗೆ ಅಂದೆ, ನಾನು ಕರೆದಿರಲಿಲ್ಲ. ಇನ್ನು ಮೇಲೆ ಕಾದು ನೋಡು ಮಗಾ. ನಾನಾದರೆ ಇನ್ನೊಮ್ಮೆ ಕರೆಯುತ್ತೇನೆ.